ಕೂಂಡಿ ನಾಡಿನಿಂದ ಹುಕ್ಕೇರಿ ತಾಲ್ಲೂಕಿಗೆ

ಅಂಬೋಲಿ ಘಟ್ಟದಲ್ಲಿ ಹುಟ್ಟುವ ಹಿರಣ್ಯಕೇಶಿ ನದಿ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬಂದು, ಮುಂದೆ ಘಟಪ್ರಭೆಯನ್ನು ಕೂಡುತ್ತದೆ. ದಂಡೆಯ ಊರುಗಳನ್ನು ಸಂತೆ, ಬೀಗತನ, ಮೆಣಸಿನಕಾಯಿ ವ್ಯಾಪಾರ ಹೆಣೆದಿವೆ. ಆದರೆ ಗಡಹಿಂಗ್ಲಜ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಗೆ ಸೇರಿದೆ, ಸಂಕೇಶ್ವರ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿಗೆ. ಈ ಗಡಿಗಳನ್ನು ಹಾಕಿದವರು ಬಹುಪಾಲು ದೂರದ ರಾಜಧಾನಿಗಳಲ್ಲಿ ಕುಳಿತವರು.

ಸವದತ್ತಿಯಿಂದಲೂ ಬಳಿಕ ಬೆಳಗಾವಿಯಿಂದಲೂ ಆಳಿದ ರಟ್ಟರ ಕಾಲದಲ್ಲಿ ಈ ಸೀಮೆಯ ಬಹುಭಾಗ ‘ಕೂಂಡಿ 3000’ ಎಂಬ ನಾಡು. ಬೆಳಗಾವಿಯ ಸುತ್ತಲಿನ ಭಾಗ ‘ವೇಣುಗ್ರಾಮ 70’. ಸಂಖ್ಯೆಯಿಂದ ನಾಡನ್ನು ಗುರುತಿಸುವ ರೂಢಿ ಇಲ್ಲಷ್ಟೇ ಇರಲಿಲ್ಲ. ಇಂಗ್ಲೆಂಡಿನ ಹಳೆಯ ಕೌಂಟಿಗಳನ್ನೂ ‘ಹಂಡ್ರೆಡ್’ ಎಂಬ ಭಾಗಗಳಾಗಿ ವಿಂಗಡಿಸಲಾಗಿತ್ತು.

ಆದಿಲ್‌ಶಾಹಿ ಕಾಲದಲ್ಲಿ ಅಧಿಕಾರದ ಠಾಣ್ಯ ಹುಕ್ಕೇರಿ. ಅಲ್ಲಿನ ಗುಮ್ಮಟಗಳು ಇಂದಿಗೂ ಅದಕ್ಕೆ ಸಾಕ್ಷಿ. ಹುದ್ದೆ ವಂಶದ ಹಕ್ಕಾಗಿರುವ, ಮರಾಠರ ಆಳ್ವಿಕೆಯಲ್ಲಿಯೂ ಮುಂದುವರಿದ ವತನ ಪದ್ಧತಿಯಲ್ಲಿ ಪರಗಣೆಗೆ ದೇಸಾಯಿ, ದೇಶಪಾಂಡೆ. ಊರಿಗೆ ಗೌಡ, ಕುಲಕರ್ಣಿ, ತಳವಾರ. ಗೌಡ ಕಂದಾಯ ಕೂಡಿಸಬೇಕು, ಕುಲಕರ್ಣಿ ಲೆಕ್ಕ ಬರೆಯಬೇಕು, ತಳವಾರ ಕಾವಲು ಕಾಯಬೇಕು. ಅರಸರು ಬದಲಾದರೂ ಚಾವಡಿಯಲ್ಲಿ ಕೂಡುವ ಮನೆತನಗಳು ಬದಲಾಗುತ್ತಿರಲಿಲ್ಲ.

1818ರಲ್ಲಿ ಪೇಶ್ವೆಯವರ ಆಳ್ವಿಕೆ ಮುಗಿದು ಬೆಳಗಾವಿ ಕಂಪನಿ ಸರಕಾರದ ವಶವಾಯಿತು. ಮೊದಲು ಅದು ಧಾರವಾಡದ ಕಲೆಕ್ಟರರ ಕೈಕೆಳಗೆ. ಇಷ್ಟು ದೊಡ್ಡ ಸೀಮೆಯನ್ನು ಒಬ್ಬರೇ ನೋಡಿಕೊಳ್ಳುವುದು ಕಷ್ಟವೆಂದು 1836ರಲ್ಲಿ ಬೆಳಗಾವಿಯನ್ನು ಬೇರೆ ಜಿಲ್ಲೆ ಮಾಡಿದರು. ಆಗ ಸಂಕೇಶ್ವರ ಸೇರಿದ್ದು ಚಿಕ್ಕೋಡಿ ತಾಲ್ಲೂಕಿಗೆ. ಹುಕ್ಕೇರಿ ಪ್ರತ್ಯೇಕ ತಾಲ್ಲೂಕಾದದ್ದು ಬಹಳ ತಡವಾಗಿ. ತಾಲ್ಲೂಕಿನ ಮುಖ್ಯಸ್ಥ ಮಾಮಲೇದಾರ. ರೈತನ ಪಾಲಿಗೆ ಸರಕಾರವೆಂದರೆ ಆತನೇ.

ಜನರ ಪ್ರತಿನಿಧಿಗಳಿಗೆ ಸ್ವಲ್ಪ ಜಾಗ ಸಿಕ್ಕಿದ್ದು ಆಮೇಲೆ. ಭೂಕಂದಾಯದ ರೂಪಾಯಿಗೆ ಒಂದು ಆಣೆಯಂತೆ ಕೂಡಿಸಿದ ಲೋಕಲ್ ಫಂಡಿನಿಂದ ರಸ್ತೆ, ಶಾಲೆ, ಬಾವಿ, ಧರ್ಮಶಾಲೆಗಳ ಕೆಲಸ ನಡೆಯುತ್ತಿತ್ತು. 1884ರ ಮುಂಬಯಿ ಕಾಯ್ದೆ ಜಿಲ್ಲಾ ಹಾಗೂ ತಾಲ್ಲೂಕು ಲೋಕಲ್ ಬೋರ್ಡುಗಳನ್ನು ತಂದಿತು. ಮತದ ಹಕ್ಕು ಮಾತ್ರ ಆಸ್ತಿವಂತರಿಗೆ. ದುಡ್ಡು ಕೊಟ್ಟವರು ಎಲ್ಲ ರೈತರು, ಬೋರ್ಡಿನಲ್ಲಿ ಕೂತವರು ಕೆಲವರೇ.

ಸ್ವಾತಂತ್ರ್ಯದ ನಂತರದ ಹದಿನಾರು ವರ್ಷಗಳಲ್ಲಿ ಆದ ಬದಲಾವಣೆ ಹಿಂದಿನ ಮುನ್ನೂರು ವರ್ಷಗಳಲ್ಲಿಯೂ ಆಗಿರಲಿಲ್ಲ. 1951ರಲ್ಲಿ ಕುಲಕರ್ಣಿ ವತನ ಹೋಯಿತು, 1963ರಲ್ಲಿ ಗೌಡಕಿಯೂ ಹೋಯಿತು. ವಂಶದ ಹಕ್ಕಾಗಿದ್ದ ಉತಾರ, ದಫ್ತರಗಳು ಸಂಬಳದ ತಲಾಠಿಯ ಕೈಗೆ ಬಂದವು. ನಡುವೆ 1956ರ ನವೆಂಬರ್ 1ರಂದು, ಚಂದಗಡ ತಾಲ್ಲೂಕನ್ನು ಮುಂಬಯಿ ರಾಜ್ಯಕ್ಕೇ ಬಿಟ್ಟು, ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಹಿಂದಿನ ಗಡಿಗಳು ಕಚೇರಿಯ ಆದೇಶದಿಂದ ಬಂದಿದ್ದರೆ, ಈ ಗಡಿಗೆ ಕರ್ನಾಟಕ ಏಕೀಕರಣದ ದೀರ್ಘ ಚಳವಳಿಯ ಬಲವಿತ್ತು.

ಹಳ್ಳಿಗಳಿಗೆ ನಿಜವಾದ ಬಲ ಬಂದದ್ದು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಮುತುವರ್ಜಿಯಿಂದ ರೂಪುಗೊಂಡ 1983ರ ಕಾಯ್ದೆಯಿಂದ. ಅದರಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ನಾಲ್ಕರಲ್ಲಿ ಒಂದು ಪಾಲು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಯಿತು. 1993ರ ಕಾಯ್ದೆ ಇಂದಿನ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳನ್ನು ಕೊಟ್ಟಿತು.

ತಾಲ್ಲೂಕು ಕೇಂದ್ರವಾಗದಿದ್ದರೂ ಸಂಕೇಶ್ವರಕ್ಕೆ ತನ್ನದೇ ಪುರಸಭೆ ಇದೆ, ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಹುಕ್ಕೇರಿ ತಾಲ್ಲೂಕಿಗೆ ಕರೆಂಟು ಕೊಡುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ; ರಾಜ್ಯದಲ್ಲಿ ಇಂಥ ಇನ್ನೊಂದು ಸಂಘವಿಲ್ಲ. ಸರಕಾರದ ನಕ್ಷೆಯ ಹೊರಗೂ ಈ ಜನ ತಮ್ಮ ಆಡಳಿತ ಕಟ್ಟಿಕೊಂಡರು.

1997ರಲ್ಲಿ ರಾಜ್ಯಕ್ಕೆ ಏಳು ಹೊಸ ಜಿಲ್ಲೆಗಳು ಬಂದಾಗ ಚಿಕ್ಕೋಡಿ, ಗೋಕಾಕಗಳನ್ನೂ ಜಿಲ್ಲೆಗಳೆಂದು ಘೋಷಿಸಿದ ಜೆ.ಎಚ್. ಪಟೇಲರ ಸರಕಾರ, ಗಡಿ ವಿವಾದದ ಆತಂಕದಿಂದ ಹಿಂದೆ ಸರಿಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ, 1974ರಲ್ಲಿ ಲೆಸ್ಟರ್‌ಶೈರಿಗೆ ಸೇರಿಸಿದ್ದ ಪುಟ್ಟ ರಟ್‌ಲೆಂಡ್ ಕೌಂಟಿಗೆ ಪ್ರತ್ಯೇಕ ಆಡಳಿತ ಮರಳಿ ಸಿಕ್ಕಿತು. ಇಲ್ಲಿ 2018ರಲ್ಲಿ ಗೋಕಾಕದಿಂದ ಮೂಡಲಗಿ ಬೇರೆ ತಾಲ್ಲೂಕಾಯಿತು. ಜಿಲ್ಲೆಯ ಬೇಡಿಕೆ ಹಾಗೆಯೇ ಉಳಿದಿದೆ. ಜಿಲ್ಲೆ ಒಡೆದರೆ ಹುಕ್ಕೇರಿ ತಾಲ್ಲೂಕು ಬೆಳಗಾವಿಯಲ್ಲೇ ಉಳಿಯಬೇಕೋ, ಚಿಕ್ಕೋಡಿಗೋ ಗೋಕಾಕಕ್ಕೋ ಹೋಗಬೇಕೋ? 1836ರಲ್ಲಿ ಇಂಥ ಪ್ರಶ್ನೆ ಕೇಳಲು ಇಲ್ಲಿ ಚುನಾಯಿತ ಸಭೆಯೇ ಇರಲಿಲ್ಲ. ಈಗ ಗ್ರಾಮಸಭೆಗಳಿವೆ, ಸಂಕೇಶ್ವರದಲ್ಲಿ ಪುರಸಭೆ ಇದೆ. ಬೆಂಗಳೂರಿನ ಆದೇಶಕ್ಕೆ ಮೊದಲು ಆ ಸಭೆಗಳಲ್ಲಿ ಈ ವಿಷಯ ಚರ್ಚೆಯಾಗಬೇಕು.