ಸಕ್ಕರೆ ಕಾಯಿಲೆಯ ಗುಳಿಗೆ ನಡೆದು ಬಂದ ದಾರಿ

ಸರ್ಕಾರಿ ಕಚೇರಿಯಲ್ಲಿ ವರ್ಷಗಟ್ಟಲೆ ಕಡತ ತಿರುವಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಯಾವ ಸುತ್ತೋಲೆಯೂ ಸುಮ್ಮನೆ ಹುಟ್ಟುವುದಿಲ್ಲ. ಅದರ ಹಿಂದೆ ಎಲ್ಲೋ ಒಂದು ಕಡೆ, ಯಾವಾಗಲೋ ಒಮ್ಮೆ, ಯಾವುದೋ ಎಡವಟ್ಟು ನಡೆದಿರುತ್ತದೆ. ಔಷಧದ ಮಾತೂ ಹಾಗೆಯೇ. 'ಊಟದೊಡನೆ ತೆಗೆದುಕೊಳ್ಳಿ', 'ಜಗಿಯಬೇಡಿ', 'ಮೂತ್ರಪಿಂಡದ ಪರೀಕ್ಷೆ ಮಾಡಿಸಿ' ಎಂದು ವೈದ್ಯರು ಅವಸರದಲ್ಲಿ ಹೇಳುವ ಒಂದೊಂದು ಮಾತಿನ ಹಿಂದೆಯೂ ಒಂದೊಂದು ಇತಿಹಾಸವಿದೆ. ಅದನ್ನು ತಿಳಿದವರು ಆ ಮಾತನ್ನು ಮರೆಯುವುದಿಲ್ಲ. ಈ ಲೇಖನದ ಉದ್ದೇಶ ಇಷ್ಟೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ಇವರಲ್ಲಿ ಬಹುಪಾಲು ಜನರದು ನಡುವಯಸ್ಸಿನಲ್ಲಿ ತಲೆದೋರುವ ಎರಡನೆಯ ಬಗೆಯ ಮಧುಮೇಹ. ಇದಕ್ಕೆ ಸಾಮಾನ್ಯವಾಗಿ ಗುಳಿಗೆಗಳೇ ಮೊದಲ ಔಷಧ. ಈಗಂತೂ ಒಂದೇ ಗುಳಿಗೆಯೊಳಗೆ ಎರಡು, ಮೂರು ಔಷಧಗಳು ಸೇರಿರುತ್ತವೆ. ನಾನು ವೈದ್ಯನಲ್ಲ, ರಸಾಯನಶಾಸ್ತ್ರ ಓದಿ ಗುಮಾಸ್ತನಾದವನು. ಆದ್ದರಿಂದ ಇಲ್ಲಿ ಹೇಳುವುದನ್ನು ವೈದ್ಯರ ಸಲಹೆಯ ಬದಲಿಗೆ ಅಲ್ಲ, ಆ ಸಲಹೆಯನ್ನು ಅರ್ಥಮಾಡಿಕೊಳ್ಳಲು ಬಳಸಬೇಕೆಂದು ಕೋರುತ್ತೇನೆ.

ಇರುವೆ ಗುರುತಿಸಿದ ರೋಗ

ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಸುಶ್ರುತ ಸಂಹಿತೆಯಲ್ಲಿ ತಂದೆತಾಯಿಗಳಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಪ್ರಮೇಹದ ಎರಡು ಬಗೆಗಳನ್ನು ಹೇಳಿದೆ. ಮೊದಲನೆಯ ರೋಗಿ ಕೃಶ, ಎರಡನೆಯವನು ಸ್ಥೂಲ. ಇಂದಿನ ವಿಭಜನೆಗೆ ಇದು ಬಹಳ ಹತ್ತಿರವಾದದ್ದು.

ರೋಗದ ಮೂಲ ತಿಳಿದದ್ದು ಬಹಳ ಕಾಲದ ಮೇಲೆ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವೈದ್ಯರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಿಹಿಮೂತ್ರ ಬಂತು. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯಿಂದ ಇನ್ಸುಲಿನ್ ಇರುವ ಸತ್ವವನ್ನು ಪಡೆದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಅದನ್ನು ಪಡೆದು ಸಾವಿನ ಬಾಯಿಂದ ಹಿಂತಿರುಗಿದ. ಆದರೆ ಇನ್ಸುಲಿನ್ ಸೂಜಿಯಿಂದಲೇ ಹೋಗಬೇಕು. ಹೊಟ್ಟೆಯಲ್ಲಿ ಅದು ಆಹಾರದಂತೆಯೇ ಜೀರ್ಣವಾಗಿಬಿಡುತ್ತದೆ. ನುಂಗುವ ಔಷಧಕ್ಕಾಗಿ ಹುಡುಕಾಟ ಮುಂದುವರಿಯಿತು.

ಟೈಫಾಯ್ಡ್ ವಾರ್ಡಿನ ಆಕಸ್ಮಿಕ

1942ರಲ್ಲಿ, ಯುದ್ಧದ ನಡುವೆ, ಫ್ರಾನ್ಸಿನ ಮಾಂಪೆಲ್ಲಿಯೇ ನಗರದ ಆಸ್ಪತ್ರೆಯಲ್ಲಿ ಜಾನ್‌ಬೋನ್ ಎಂಬ ವೈದ್ಯರು ಟೈಫಾಯ್ಡ್ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧ ಕೊಟ್ಟು ನೋಡುತ್ತಿದ್ದರು. ಕೆಲವು ರೋಗಿಗಳು ಬೆವರಿ, ನಡುಗಿ, ಪ್ರಜ್ಞೆ ತಪ್ಪಿದರು. ಕೆಲವರು ತೀರಿಕೊಂಡರು. ರಕ್ತದಲ್ಲಿ ಸಕ್ಕರೆ ಇಳಿದುಹೋಗಿತ್ತು. ಅದೇ ಊರಿನ ಲೂಬಾತಿಯೇರ್ ಎಂಬ ಸಂಶೋಧಕರು ನಾಯಿಗಳ ಮೇಲೆ ಪರೀಕ್ಷಿಸಿ, ಮೇದೋಜೀರಕ ಗ್ರಂಥಿ ಇರುವ ಪ್ರಾಣಿಯಲ್ಲಿ ಮಾತ್ರ ಈ ಔಷಧ ಕೆಲಸ ಮಾಡುತ್ತದೆಂದು ತೋರಿಸಿದರು. ಎಂದರೆ, ಅದು ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತದೆ.

1955ರಲ್ಲಿ ಜರ್ಮನಿಯ ಫ್ರಾಂಕೆ ಮತ್ತು ಫುಕ್ಸ್ ಇದೇ ಕುಲದ ಕಾರ್ಬ್ಯುಟಮೈಡ್ ಅನ್ನು ಮಧುಮೇಹಿಗಳಿಗೆ ಕೊಟ್ಟ ಅನುಭವವನ್ನು ಪ್ರಕಟಿಸಿದರು. ಮರುವರ್ಷ ಟಾಲ್‌ಬ್ಯುಟಮೈಡ್ ಬಂತು. ಹಿಂದೆಯೇ ಕ್ಲೋರ್‌ಪ್ರೊಪಮೈಡ್, 1960ರ ದಶಕದಲ್ಲಿ ಗ್ಲಿಬೆನ್‌ಕ್ಲಮೈಡ್. ನಮ್ಮ ಹಿರಿಯರಿಗೆ ರಾಸ್ಟಿನಾನ್, ಡಯಾಬಿನೀಸ್, ಡಯೋನಿಲ್ ಎಂಬ ಹೆಸರುಗಳು ನೆನಪಿರಬಹುದು. ಇಂದು ಹೆಚ್ಚು ಬಳಕೆಯಲ್ಲಿರುವ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ಗಳು ಈ ಕುಲದವೇ.

ಮಾಂಪೆಲ್ಲಿಯೇ ವಾರ್ಡಿನ ಪಾಠ ಇಂದಿಗೂ ಬದಲಾಗಿಲ್ಲ. ಈ ಕುಲದ ಗುಳಿಗೆ ನೀವು ಊಟ ಮಾಡಿದಿರೋ ಇಲ್ಲವೋ ಎಂದು ಕೇಳುವುದಿಲ್ಲ. ನುಂಗಿದ ಮೇಲೆ ಅದು ತನ್ನ ಕೆಲಸ ಮಾಡಿಯೇ ತೀರುತ್ತದೆ. ಸತ್ಯನಾರಾಯಣ ಪೂಜೆಯ ದಿನ ಬೆಳಿಗ್ಗೆ ಎಂಟಕ್ಕೆ ಗುಳಿಗೆ ನುಂಗಿ, ಮಂಗಳಾರತಿಯಾಗಿ ಎಲೆ ಹಾಕುವಾಗ ಮೂರು ಗಂಟೆಯಾದರೆ, ನಡುವೆ ಏನಾಗಬಹುದೆಂದು ಯೋಚಿಸಿ. ಏಕಾದಶಿಯ ಉಪವಾಸಕ್ಕೂ, ಮಂಜಿನ ತಿಂಗಳಲ್ಲಿ ಗಂಟೆಗಟ್ಟಲೆ ತಡವಾಗುವ ರೈಲಿಗೂ ಇದೇ ಮಾತು. ಉಪವಾಸ ಬಿಡಿ ಎಂದು ನಾನು ಹೇಳುತ್ತಿಲ್ಲ. ಆ ದಿನದ ಗುಳಿಗೆ ಹೇಗೆಂದು ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಬೇಕು.

ಆಡಿನ ಮೇವಿನ ಗಿಡ

ಎರಡನೆಯ ಕುಲದ ಕಥೆ ಒಂದು ಗಿಡದಿಂದ ಆರಂಭವಾಗುತ್ತದೆ. ಯೂರೋಪಿನಲ್ಲಿ ಗಲೇಗಾ ಎಂಬ ಗಿಡವಿದೆ. ಅದರ ಇಂಗ್ಲಿಷ್ ಹೆಸರಿನಲ್ಲಿಯೇ ಆಡು ಸೇರಿಕೊಂಡಿದೆ. ಅದರಲ್ಲಿರುವ ಗ್ವಾನಿಡೀನ್ ಜಾತಿಯ ವಸ್ತು ಸಕ್ಕರೆ ಇಳಿಸುತ್ತದೆ, ಆದರೆ ವಿಷವೂ ಹೌದು. 1926ರಲ್ಲಿ ಇದರ ಜಾಡು ಹಿಡಿದು ಜರ್ಮನಿಯಲ್ಲಿ ಸಿಂಥಲಿನ್ ಎಂಬ ಗುಳಿಗೆ ತಯಾರಾಯಿತು. ಅದು ಯಕೃತ್ತಿಗೆ ಹಾನಿ ಮಾಡುತ್ತದೆಂದು ತಿಳಿದು ಬಳಕೆಯಿಂದ ಮರೆಯಾಯಿತು. ವಿಚಿತ್ರವೆಂದರೆ, ಇದೇ ಬಳಗದ ಮೆಟ್‌ಫಾರ್ಮಿನ್ ಅನ್ನು 1922ರಲ್ಲಿಯೇ ಡಬ್ಲಿನ್‌ನ ವರ್ನರ್ ಮತ್ತು ಬೆಲ್ ತಯಾರಿಸಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಮೂಲೆಯಲ್ಲಿ ಬಿದ್ದಿತ್ತು. 1957ರಲ್ಲಿ ಪ್ಯಾರಿಸ್ಸಿನ ಝಾನ್ ಸ್ಟರ್ನ್ ಎಂಬ ವೈದ್ಯರು ಅದನ್ನು ಮಧುಮೇಹಿಗಳಿಗೆ ಕೊಟ್ಟ ಅನುಭವ ಪ್ರಕಟಿಸಿ, 'ಗ್ಲೂಕೋಸ್ ಭಕ್ಷಕ' ಎಂಬ ಅರ್ಥದ ಹೆಸರಿಟ್ಟರು.

ಅದೇ ವರ್ಷ ಅಮೆರಿಕದಲ್ಲಿ ಅದರ ಅಣ್ಣನಂತಿದ್ದ ಫೆನ್‌ಫಾರ್ಮಿನ್ ಬಂದು ಹೆಚ್ಚು ಜನಪ್ರಿಯವಾಯಿತು. ಆದರೆ ಅದನ್ನು ಸೇವಿಸಿದ ಕೆಲವರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ, ಅನೇಕರು ಸತ್ತರು. 1977ರಲ್ಲಿ ಅಮೆರಿಕ ಸರ್ಕಾರ ಅದನ್ನು ತುರ್ತು ಅಪಾಯವೆಂದು ಘೋಷಿಸಿ ಮಾರುಕಟ್ಟೆಯಿಂದ ತೆಗೆಸಿತು. ನಮ್ಮ ದೇಶದಲ್ಲಿ ಅದಕ್ಕೆ ನಿಷೇಧ ಬಂದದ್ದು 2003ರಲ್ಲಿ. ನಡುವೆ ಇಪ್ಪತ್ತಾರು ವರ್ಷ! ಕಡತಗಳು ನಿಧಾನವಾಗಿ ಚಲಿಸುತ್ತವೆಂದು ನಗುವ ನಾವು ಇಲ್ಲಿ ನಗುವಂತಿಲ್ಲ.

ಮೆಟ್‌ಫಾರ್ಮಿನ್‌ನಲ್ಲಿ ಈ ಅಪಾಯ ಬಹಳ ಕಡಿಮೆ. ಆದರೆ ಅದು ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಅವು ತೀರ ದುರ್ಬಲವಾದರೆ ಔಷಧ ಒಳಗೇ ಉಳಿದು ಅದೇ ತೊಂದರೆ ತರಬಲ್ಲದು. ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಎನ್ನುವುದು, ಸ್ಕ್ಯಾನಿಂಗ್‌ಗೆ ಮೊದಲು ರಕ್ತನಾಳಕ್ಕೆ ಬಣ್ಣದ ಔಷಧ ಚುಚ್ಚುವಾಗ ಈ ಗುಳಿಗೆಯ ವಿಷಯ ತಿಳಿಸಿ ಎನ್ನುವುದು ಇದರಿಂದಲೇ. ಬಹುಕಾಲ ಸೇವಿಸಿದವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಿ ಕಾಲು ಜೋಮು ಹಿಡಿಯುವುದೂ ಉಂಟು. ಮಾಂಸಾಹಾರ ಮಾಡದ ನಮ್ಮಂಥವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಎರಡು ಸೇರಿ ಒಂದಾದದ್ದು

ಒಂದು ಔಷಧ ಸಾಲದೆ ಎರಡೇಕೆ ಬೇಕಾಯಿತು? ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 1998ರಲ್ಲಿ ಹೊರಬಿತ್ತು. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳಿಗಾಗುವ ಹಾನಿ ಕಡಿಮೆಯಾಗುತ್ತದೆ ಎಂಬುದು ಸಿದ್ಧವಾಯಿತು. ಸ್ಥೂಲ ದೇಹದವರಲ್ಲಿ ಮೆಟ್‌ಫಾರ್ಮಿನ್ ಹೃದಯಾಘಾತವನ್ನೂ ಕಡಿಮೆ ಮಾಡಿತ್ತು. ಜೊತೆಗೆ ಇನ್ನೊಂದು ಸತ್ಯವೂ ಹೊರಬಂತು. ಒಂದೇ ಔಷಧದಿಂದ ಹತೋಟಿಯಲ್ಲಿದ್ದವರು ಮೂರು ವರ್ಷದ ನಂತರ ಸುಮಾರು ಅರ್ಧ, ಒಂಬತ್ತು ವರ್ಷದ ನಂತರ ಸುಮಾರು ಕಾಲುಭಾಗ ಮಾತ್ರ. ರೋಗಿಯ ತಪ್ಪಿಲ್ಲದೆಯೂ ಗ್ರಂಥಿ ವರ್ಷದಿಂದ ವರ್ಷಕ್ಕೆ ಸೋಲುತ್ತದೆ. ಆದ್ದರಿಂದ ವೈದ್ಯರು ಎರಡನೆಯ ಔಷಧ ಬರೆದರೆ ಅದನ್ನು ಶಿಕ್ಷೆಯೆಂದು ಭಾವಿಸಬೇಕಾಗಿಲ್ಲ.

ಒಂದು ಔಷಧ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸಿದರೆ, ಇನ್ನೊಂದು ಯಕೃತ್ತು ಸಕ್ಕರೆ ತಯಾರಿಸುವುದನ್ನು ತಗ್ಗಿಸುತ್ತದೆ. ದಾರಿ ಬೇರೆಯಾದ್ದರಿಂದ ಎರಡನ್ನೂ ಸೇರಿಸಬಹುದು. ನುಂಗುವುದು ಸುಲಭ, ಮರೆವು ಕಡಿಮೆ. ಆದರೆ ಅನುಕೂಲದ ಹೆಸರಿನಲ್ಲಿ ಅಂಗಡಿ ತುಂಬ ಮಿಶ್ರಣಗಳು ಬಂದವು. 2016ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ಬೇರೆ ಬೇರೆ ರೋಗಗಳ 344 ಮಿಶ್ರಣ ಔಷಧಗಳನ್ನು ನಿಷೇಧಿಸಿತು. ವಿವಾದ ನ್ಯಾಯಾಲಯಕ್ಕೆ ಹೋಗಿ, ಮರುಪರಿಶೀಲನೆ ನಡೆದು, 2018ರ ಸೆಪ್ಟೆಂಬರಿನಲ್ಲಿ 328 ಮಿಶ್ರಣಗಳಿಗೆ ನಿಷೇಧ ಬಂತು. ಆ ಪಟ್ಟಿಯಲ್ಲಿ ಮಧುಮೇಹದವೂ ಇದ್ದವು. ಹಳೆಯ ಚೀಟಿಯನ್ನೇ ವರ್ಷಗಟ್ಟಲೆ ತೋರಿಸಿ ಔಷಧ ಕೊಳ್ಳಬಾರದೆನ್ನಲು ಇದೂ ಒಂದು ಕಾರಣ.

ಹೊಸ ಔಷಧಗಳೂ ಬಂದಿವೆ. 2006ರಲ್ಲಿ ಅಮೆರಿಕದಲ್ಲಿ ಸಿಟಾಗ್ಲಿಪ್ಟಿನ್‌ಗೆ ಅನುಮತಿ ದೊರೆಯಿತು. ಡಾಪಾಗ್ಲಿಫ್ಲೋಜಿನ್ ಮೊದಲಾದವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಇವುಗಳ ಮೂಲಪುರುಷ 1835ರಲ್ಲಿ ಸೇಬಿನ ಮರದ ತೊಗಟೆಯಿಂದ ತೆಗೆದ ಫ್ಲೋರಿಜಿನ್. ಸಿಟಾಗ್ಲಿಪ್ಟಿನ್‌ನ ಪೇಟೆಂಟ್ ನಮ್ಮಲ್ಲಿ 2022ರಲ್ಲಿ ಮುಗಿದು ಬೆಲೆ ಇಳಿಯಿತು. ಜನೌಷಧಿ ಅಂಗಡಿಗಳಲ್ಲಿಯೂ ಅದು ದೊರೆಯತೊಡಗಿತು.

ಹೆಸರು ಬೇರೆ, ಮದ್ದು ಒಂದೇ

ನಮ್ಮಂಥ ಪರಸ್ಥಳದ ಕುಟುಂಬಗಳಿಗೆ ವಿಶೇಷವಾದ ಒಂದು ಅಪಾಯವಿದೆ. ನಮ್ಮ ತಂದೆತಾಯಿಗಳು ಆರು ತಿಂಗಳು ಊರಿನಲ್ಲಿ, ಆರು ತಿಂಗಳು ಇಲ್ಲಿ. ಅಲ್ಲಿನ ವೈದ್ಯರು ಒಬ್ಬರು, ಇಲ್ಲಿನವರು ಇನ್ನೊಬ್ಬರು. ಇಲ್ಲಿನವರು ಕೇಳುವುದು ಹಿಂದಿಯಲ್ಲಿ, ಹಿರಿಯರಿಗೆ ಬರುವುದು ಕನ್ನಡ ಮಾತ್ರ.

ನಮ್ಮ ಕಾಲೊನಿಯಲ್ಲಿ ಹೀಗೇ ಆಯಿತು. ಹುಬ್ಬಳ್ಳಿಯ ಕಡೆಯಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ಊರಿನಿಂದ ತಂದ ಗುಳಿಗೆಯನ್ನು ಬೆಳಿಗ್ಗೆ, ಇಲ್ಲಿ ಬರೆಸಿದ ಗುಳಿಗೆಯನ್ನು ರಾತ್ರಿ ನುಂಗುತ್ತಿದ್ದರು. ಒಂದು ಗುಳಿಗೆ ಬಿಳಿ, ಇನ್ನೊಂದು ತಿಳಿಗುಲಾಬಿ, ಹೆಸರೂ ಬೇರೆ. ಬೆಳಗಿನ ಜಾವ ನಾಲ್ಕಕ್ಕೆ ಅವರ ಮೈಯೆಲ್ಲ ಬೆವರು, ಮಾತು ಅಸಂಬದ್ಧ. ಪಾರ್ಶ್ವವಾಯು ಎಂದುಕೊಂಡು ಸೊಸೆ ನಮ್ಮ ಬಾಗಿಲು ತಟ್ಟಿದಳು. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದ ಸಕ್ಕರೆ ಕೇವಲ 38. ಎರಡು ಗುಳಿಗೆಗಳಲ್ಲಿಯೂ ಇದ್ದದ್ದು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್. ಅವರು ಬದುಕಿಕೊಂಡರು, ಎರಡು ದಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಬೇಕಾಯಿತು. ಈ ಕುಲದ ಔಷಧ ದೇಹದಲ್ಲಿ ಉಳಿದು ಸಕ್ಕರೆಯನ್ನು ಮತ್ತೆ ಮತ್ತೆ ಇಳಿಸುತ್ತದೆ. ಚೇತರಿಸಿಕೊಂಡ ಮೇಲೂ ವೈದ್ಯರನ್ನು ಕಾಣಲೇಬೇಕು ಎನ್ನುವುದು ಅದಕ್ಕೇ.

ಆದ್ದರಿಂದ ಪಟ್ಟಿಯ ಮೇಲಿನ ದೊಡ್ಡ ಅಕ್ಷರದ ವ್ಯಾಪಾರದ ಹೆಸರನ್ನಲ್ಲ, ಅದರ ಕೆಳಗಿನ ಸಣ್ಣ ಅಕ್ಷರವನ್ನು ಓದಿ. ಅನೇಕ ತಯಾರಿಕೆಗಳಲ್ಲಿ ಹೆಸರಿನ ಕೊನೆಯ 1 ಅಥವಾ 2 ಗ್ಲಿಮೆಪಿರೈಡ್‌ನ ಮಿಲಿಗ್ರಾಂ ಸೂಚಿಸುತ್ತದೆ. 1ರ ಬದಲು 2 ತಂದರೆ ಪ್ರಮಾಣ ಎರಡರಷ್ಟಾಯಿತು. ಔಷಧಾಲಯದಲ್ಲಿ ಈ ತಿಂಗಳು ಒಂದು ಕಂಪನಿಯದು, ಮುಂದಿನ ತಿಂಗಳು ಇನ್ನೊಂದರದು ಕೊಡುವುದು ಸಾಮಾನ್ಯ. ಅದರಲ್ಲಿ ದೋಷವಿಲ್ಲ, ಹಳೆಯ ಪಟ್ಟಿಯನ್ನು ಹೊಸದರ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದರೆ ಸಾಕು.

ಮನೆಯಲ್ಲಿ ನೆನಪಿಡಬೇಕಾದದ್ದು

ನಿಧಾನವಾಗಿ ಕರಗುವ ಎಸ್‌ಆರ್ ಅಥವಾ ಎಕ್ಸ್‌ಆರ್ ಗುಳಿಗೆಯನ್ನು ಪುಡಿಮಾಡಬಾರದು, ಜಗಿಯಬಾರದು. ಇಡೀ ದಿನದ ಔಷಧ ಒಮ್ಮೆಗೇ ಹೊರಬರುತ್ತದೆ. ಒಂದು ಹೊತ್ತಿನದು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು.

ನಡುಕ, ಬೆವರು, ಹಸಿವು, ಮಂಕು ಕಂಡರೆ ಸಕ್ಕರೆ ಇಳಿದಿದೆಯೆಂದು ತಿಳಿದು ಕೂಡಲೇ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ. ಸುಧಾರಿಸಿದ ಮೇಲೆ ಊಟ. ಮನೆಯ ಸಕ್ಕರೆಯೂ ಆಗುತ್ತದೆ. ಆದರೆ ನಿಮ್ಮ ಮಿಶ್ರಣದಲ್ಲಿ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಇದ್ದರೆ ಗ್ಲೂಕೋಸ್ ಪುಡಿಯೇ ಬೇಕು. ಆ ಔಷಧ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುವುದರಿಂದ ಸಕ್ಕರೆ, ಬೆಲ್ಲ ಬೇಗ ಏರುವುದಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ವಾಂತಿ, ಭೇದಿ, ಜ್ವರ ಬಂದು ಊಟ ಸೇರದಿದ್ದಾಗ ಗುಳಿಗೆಗಳ ವಿಷಯ ಅಂದೇ ವೈದ್ಯರನ್ನು ಕೇಳಿ. ಮೂತ್ರದಲ್ಲಿ ಸಕ್ಕರೆ ಕಳಿಸುವ ಔಷಧವನ್ನೂ ಮೆಟ್‌ಫಾರ್ಮಿನ್ ಅನ್ನೂ ಆಗ ಕೆಲವು ದಿನ ನಿಲ್ಲಿಸಬೇಕಾಗಬಹುದು. ಶಸ್ತ್ರಚಿಕಿತ್ಸೆಗೆ ಮುಂಚೆಯೂ ಕೇಳಬೇಕು. ಪಿಯೋಗ್ಲಿಟಜೋನ್ ಇರುವ ಮಿಶ್ರಣ ಹೃದಯ ದುರ್ಬಲವಾದವರಿಗೆ ಸಲ್ಲದು. ಕಾಲು ಊದಿದರೆ ತಡಮಾಡಬೇಡಿ. ಬೇರೆ ರೋಗಕ್ಕೆ ಸಲ್ಫಾ ಮೊದಲಾದ ಔಷಧ ಬರೆಯುವ ವೈದ್ಯರಿಗೆ ಸಕ್ಕರೆಯ ಗುಳಿಗೆಯ ಹೆಸರು ಹೇಳಿ, ಏಕೆಂದರೆ ಕೆಲವು ಔಷಧಗಳು ಅದರ ಪ್ರಭಾವ ಹೆಚ್ಚಿಸುತ್ತವೆ. 'ಬರೀ ಗಿಡಮೂಲಿಕೆ' ಎಂದು ಮಾರುವ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆಸಿದ್ದು ಹಲವು ದೇಶಗಳ ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ಅವುಗಳಿಂದ ದೂರವಿರುವುದು ಲೇಸು.

ಕೊನೆಯದಾಗಿ ಒಂದು ಸಲಹೆ. ಪ್ರತಿಯೊಬ್ಬ ಹಿರಿಯರ ಜೇಬಿನಲ್ಲಿಯೂ ಒಂದು ಚೀಟಿ ಇರಲಿ. ಒಂದು ಕಡೆ ಔಷಧದ ನಿಜವಾದ ಹೆಸರು, ಮಿಲಿಗ್ರಾಂ, ಹೊತ್ತು ಕನ್ನಡದಲ್ಲಿ. ಇನ್ನೊಂದು ಕಡೆ ಅದೇ ಇಂಗ್ಲಿಷಿನಲ್ಲಿ, ಜೊತೆಗೆ ಮನೆಯವರ ದೂರವಾಣಿ ಸಂಖ್ಯೆ. ಊರಿನಿಂದ ತಂದೆತಾಯಿ ಬಂದಿಳಿದ ದಿನವೇ, ಹಪ್ಪಳ ಸಂಡಿಗೆ ಚಟ್ನಿಪುಡಿಯ ಡಬ್ಬಿಗಳ ಜೊತೆಗೆ ಅವರ ಔಷಧದ ಚೀಲವನ್ನೂ ಬಿಚ್ಚಿ ನೋಡಿ, ಈ ಚೀಟಿಯನ್ನು ಬರೆದುಕೊಡುವುದು ಮಕ್ಕಳಾದ ನಮಗೆ ಅರ್ಧ ಗಂಟೆಯ ಕೆಲಸ.