ಅರೋನಾ ಪಟ್ಟಣವೂ ಬೊರೊಮೆಯೊ ಮನೆತನವೂ

ಉತ್ತರ ಇಟಲಿಯ ಮಜ್ಜೋರೆ ಸರೋವರದ ತೀರದಲ್ಲಿ ಅರೋನಾ ಎಂಬ ಪುಟ್ಟ ಪಟ್ಟಣವಿದೆ. ಮಿಲಾನ್ ನಗರದಲ್ಲಿ ಲೇವಾದೇವಿಯಿಂದ ಐಶ್ವರ್ಯ ಗಳಿಸಿದ ಬೊರೊಮೆಯೊ ಮನೆತನಕ್ಕೆ ಈ ಊರು 15ನೆಯ ಶತಮಾನದಲ್ಲಿ ಜಹಗೀರಾಗಿ ಲಭಿಸಿತು. ಬಂಡೆಯ ಮೇಲಿನ ಕೋಟೆ ಅವರ ಅಧಿಕಾರದ ಕುರುಹಾಗಿತ್ತು; ಅವರ ಲಾಂಛನದಲ್ಲಿಯೋ 'ದೀನತೆ' ಎಂಬರ್ಥದ ಲತೀನ್ ಪದವೊಂದಿತ್ತು. ಆ ಪದಕ್ಕೆ ಬದುಕಿನ ಅರ್ಥ ತುಂಬಿದವರು 1538ರ ಅಕ್ಟೋಬರ್ 2ರಂದು ಅದೇ ಕೋಟೆಯಲ್ಲಿ ಜನಿಸಿದ ಸಂತ ಚಾರ್ಲ್ಸ್ ಬೊರೊಮೆಯೊ.

ತಾಯಿ ಮಾರ್ಗರೀತಾ ಅವರ ಸೋದರ 1559ರಲ್ಲಿ ನಾಲ್ಕನೆಯ ಪಯಸ್ ಎಂಬ ಹೆಸರಿನಿಂದ ಜಗದ್ಗುರುಗಳಾದರು. ಮರುವರ್ಷವೇ ಚಾರ್ಲ್ಸರಿಗೆ ಕಾರ್ಡಿನಲ್ ಪದವಿ ಬಂದಿತು. ಅರ್ಹತೆಗಿಂತ ನೆಂಟಸ್ತಿಕೆಯೇ ಇದಕ್ಕೆ ಕಾರಣವೆಂಬುದನ್ನು ಮರೆಮಾಚಬೇಕಿಲ್ಲ. ಆದರೆ 1562ರಲ್ಲಿ ಅಣ್ಣ ಫೆದೆರಿಕೊ ಅಕಾಲ ಮರಣಕ್ಕೀಡಾದಾಗ, ವಂಶೋದ್ಧಾರಕ್ಕಾಗಿ ವಿವಾಹವಾಗಬೇಕೆಂದು ಬಂಧುಗಳು ಒತ್ತಾಯಿಸಿದರು. ಇನ್ನೂ ಗುರುದೀಕ್ಷೆ ಪಡೆಯದಿದ್ದ ಚಾರ್ಲ್ಸರು ಆ ಆಸ್ತಿಪಾಸ್ತಿಗಳತ್ತ ತಿರುಗದೆ, 1563ರಲ್ಲಿ ಗುರುದೀಕ್ಷೆಯನ್ನೇ ಸ್ವೀಕರಿಸಿದರು.

ಬಹುಕಾಲದಿಂದ ಮಹಾಧರ್ಮಾಧ್ಯಕ್ಷರು ನೆಲೆಸದೇ ಇದ್ದ ಮಿಲಾನಿಗೆ 1565ರಲ್ಲಿ ಬಂದ ಚಾರ್ಲ್ಸರು ತ್ರೆಂತ್ ಮಹಾಸಭೆಯ ನಿರ್ಣಯಗಳನ್ನು ಆಚರಣೆಗೆ ತಂದರು. ಗುರುಗಳ ಶಿಕ್ಷಣಕ್ಕೆ ಸೆಮಿನರಿ, ಮಕ್ಕಳಿಗೆ ಧರ್ಮೋಪದೇಶದ ಶಾಲೆಗಳು, ಹಳ್ಳಿಹಳ್ಳಿಗೂ ಭೇಟಿ. ಸೆಮಿನರಿಯಲ್ಲಿ ಓದಿ ಗುರುಗಳಾದ ನಾವೆಲ್ಲರೂ ಅವರಿಗೆ ಋಣಿಗಳು. ಸುಧಾರಣೆಯನ್ನು ಸಹಿಸದ ಸನ್ಯಾಸಿಯೊಬ್ಬನು 1569ರಲ್ಲಿ, ಪ್ರಾರ್ಥನೆಯಲ್ಲಿದ್ದ ಅವರ ಮೇಲೆ ಗುಂಡು ಹಾರಿಸಿದನು. ದೈವಕೃಪೆಯಿಂದ ಅವರು ಪಾರಾದರು.

1576ರಲ್ಲಿ ಪ್ಲೇಗು ಹಬ್ಬಿತು. ಗಣ್ಯರನೇಕರು ಊರು ಬಿಟ್ಟರು, ಚಾರ್ಲ್ಸರು ಉಳಿದರು. ಅರಮನೆಯ ಪರದೆಗಳು ಬಡವರ ಉಡುಪಾದವು. ರೋಗಭಯದಿಂದ ಮನೆಗಳಲ್ಲಿ ಬಂಧಿತರಾದವರು ಕಿಟಕಿಯಿಂದಲೇ ದಿವ್ಯಬಲಿಪೂಜೆಯಲ್ಲಿ ಪಾಲ್ಗೊಳ್ಳಲೆಂದು ಬೀದಿಗಳಲ್ಲಿ ಪೂಜಾಪೀಠಗಳೆದ್ದವು. 1584ರ ನವೆಂಬರ್ 3ರಂದು, 46ನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು, 1610ರಲ್ಲಿ ಸಂತಪದವಿಗೇರಿದರು.

ಬಂಧುಗಳು ಅಂಜಿದಂತೆ ಮನೆತನ ಅಳಿಯಲಿಲ್ಲ. ಚಾರ್ಲ್ಸರ ತಂದೆಯ ಸೋದರನ ಶಾಖೆಯಲ್ಲಿ ಅದು ಬೆಳೆಯಿತು. ಆ ಶಾಖೆಯ ಫೆದೆರಿಕೊ ಬೊರೊಮೆಯೊ ಅವರೂ ಮಿಲಾನಿನ ಮಹಾಧರ್ಮಾಧ್ಯಕ್ಷರಾಗಿ, 1609ರಲ್ಲಿ ಪ್ರಸಿದ್ಧ ಅಂಬ್ರೋಸಿಯನ್ ಗ್ರಂಥಾಲಯವನ್ನು ತೆರೆದರು. ಸರೋವರದ ನಡುವಿನ ಇಸೊಲಾ ಬೆಲ್ಲಾ ದ್ವೀಪದ ಅರಮನೆ ಇಂದಿಗೂ ಈ ಕುಟುಂಬದ್ದೇ.

ಅರೋನಾದ ಕೋಟೆಯನ್ನಾದರೋ 1800ರಲ್ಲಿ ನೆಪೋಲಿಯನ್ನನ ಆಜ್ಞೆಯಂತೆ ಕೆಡವಲಾಯಿತು. ಆದರೆ ಊರಿನ ಮೇಲ್ಗಡೆಯ ದಿಣ್ಣೆಯಲ್ಲಿ, 1698ರಲ್ಲಿ ಪೂರ್ಣಗೊಂಡ ಸಂತರ ತಾಮ್ರದ ಪ್ರತಿಮೆ ಪೀಠಸಹಿತ ಸುಮಾರು 35 ಮೀಟರ್ ಎತ್ತರಕ್ಕೆ ನಿಂತಿದೆ. ಕೋಟೆ ಕಟ್ಟಿಕೊಂಡವರ ಹೆಸರನ್ನು ಹೊರನಾಡಿನವರು ಬಲ್ಲುದು, ಕೋಟೆಯನ್ನು ತೊರೆದ ಮಗನಿಂದಾಗಿ.

ಪ್ರಿಯ ವಿಶ್ವಾಸಿಗಳೇ, ನೂರು ವರ್ಷಗಳ ನಮ್ಮ ದೇವಾಲಯದ ಗೋಡೆಗಳಿಗೆ ಸುಣ್ಣ ಬಳಿದಿದ್ದೇವೆ, ದೀಪಾಲಂಕಾರ ಮಾಡಿದ್ದೇವೆ. ಅವೆಲ್ಲ ಯೋಗ್ಯವೇ. ಆದರೆ ನಮ್ಮ ಬೀದಿಯಲ್ಲಿ ಬಾಗಿಲು ಮುಚ್ಚಿಕೊಂಡು ನರಳುವವರ ಕಿಟಕಿಯ ಬಳಿಗೆ ನಾವು ಹೋಗಿದ್ದೇವೆಯೇ? ಈ ಪ್ರಶ್ನೆಗೆ ಉತ್ತರಿಸುತ್ತ ಎರಡನೆಯ ಶತಮಾನಕ್ಕೆ ಕಾಲಿಡೋಣ.