ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘ

ಕ್ರಿ.ಶ. ೧೬೫೯ರಲ್ಲಿ ರೋಮಿನ ಧರ್ಮಪ್ರಸಾರ ಮಂಡಲಿಯು ಪೂರ್ವದೇಶಗಳಿಗೆ ಹೊರಟು ನಿಂತ ಮೂವರು ಫ್ರೆಂಚ್ ಬಿಷಪರಿಗೆ ಕೆಲವು ಸೂಚನೆಗಳನ್ನಿತ್ತಿತು. ಚೀನೀಯರ ನಡುವೆ ಫ್ರಾನ್ಸನ್ನೋ ಇಟಲಿಯನ್ನೋ ತಂದು ನೆಡುವುದು ಮೂಢತನ. ಧರ್ಮಕ್ಕೂ ಸನ್ನಡತೆಗೂ ವಿರುದ್ಧವಲ್ಲದ ದೇಶಾಚಾರಗಳನ್ನು ಮುಟ್ಟಲಾಗದು. ಆ ನಾಡಿನವರನ್ನೇ ಪಾದ್ರಿಗಳನ್ನಾಗಿಯೂ, ಯೋಗ್ಯರಾದರೆ ಬಿಷಪರನ್ನಾಗಿಯೂ ಮಾಡತಕ್ಕದ್ದು ಎಂಬುದು ಅವುಗಳ ಸಾರ. ಇಷ್ಟು ಉದಾರವಾದ ಮಾತು ನೆರವೇರುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ನಾವು ನೋಡಬೇಕಾಗಿದೆ.

ಪಾಲ್ಯು, ಲಾಂಬೆರ್ ದ ಲಾ ಮೊತ್, ಕೊತೊಲಂದಿ ಎಂಬ ಈ ಮೂವರಿಂದ ಸಂಘವು ಬೆಳೆಯಿತು. ಪ್ಯಾರಿಸ್ಸಿನಲ್ಲಿ ಅದರ ಸೆಮಿನರಿಯು ೧೬೬೩ರಲ್ಲಿ ಸ್ಥಾಪಿತವಾಯಿತು. ಪೂರ್ವದ ಚರ್ಚುಗಳ ಮೇಲೆ ಪೋರ್ಚುಗಲ್ಲಿನ ದೊರೆಯು ಹಕ್ಕು ಸಾಧಿಸುತ್ತಿದ್ದುದರಿಂದ, ಇವರು ಪೋರ್ಚುಗೀಸರ ಹಡಗುಗಳನ್ನು ಬಿಟ್ಟು, ಪಾರಸೀಕ ಹಿಂದೂಸ್ತಾನಗಳ ಮಾರ್ಗವಾಗಿ ನಡೆದರು. ಕೊತೊಲಂದಿಯವರು ೧೬೬೨ರಲ್ಲಿ ಆಂಧ್ರದ ಪಾಲಕೊಲ್ಲಿನಲ್ಲಿ ತೀರಿಕೊಂಡರು. ಲಾಂಬೆರರು ಅದೇ ವರ್ಷ ನಮ್ಮ ಅಯೋಧ್ಯೆಯ ಹೆಸರನ್ನೇ ಹೊತ್ತ ಸಯಾಮಿನ ರಾಜಧಾನಿಯನ್ನು ಮುಟ್ಟಿ ನೆಲೆನಿಂತರು.

ಅಲ್ಲಿ ತೊಡಕಾದುದು ಲ್ಯಾಟಿನ್ ಭಾಷೆ. ವಯಸ್ಸು ಬಲಿತ ವಿಯೆಟ್ನಾಮೀ ಉಪದೇಶಿಗಳು ಅದನ್ನು ಎಂದು ಕಲಿತಾರು? ಪೋಪರು ವಿನಾಯಿತಿಯಿತ್ತರು: ಓದಲು ಬಂದರೆ ಸಾಕು, ಪೂಜೆಯ ಮುಖ್ಯಭಾಗದ ಅರ್ಥ ಮಾತ್ರ ತಿಳಿದಿರಲಿ. ೧೬೬೮ರಲ್ಲಿ ನಾಲ್ವರಿಗೆ ದೀಕ್ಷೆಯಾಯಿತು. ಸಂಘದ ಚರಿತ್ರೆಯಲ್ಲಿ ಇದಕ್ಕಿಂತ ಹಿರಿದಾದ ವರ್ಷವನ್ನು ನಾವು ಕಾಣೆವು.

ಆದರೆ ವಿಯೆಟ್ನಾಮಿನವರೊಬ್ಬರು ಬಿಷಪರಾದುದು ೧೯೩೩ರಲ್ಲಿ. ನಡುವೆ ೨೬೫ ವರ್ಷ! ದೇಶೀಯ ಪಾದ್ರಿಗಳು ಹೆಚ್ಚಿದರು, ಹಿಂಸೆಯ ಕಾಲದಲ್ಲಿ ಪ್ರಾಣವನ್ನೂ ತೆತ್ತರು; ಗದ್ದುಗೆ ಮಾತ್ರ ಪರಂಗಿಯವರದಾಗಿಯೇ ಉಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಸಂಘದ ಕೆಲವರು ತಮ್ಮ ಸರಕಾರದ ನೌಕಾಬಲವನ್ನು ನೆಚ್ಚಿದರು. ೧೮೫೮ರಲ್ಲಿ ಫ್ರೆಂಚರು ಸ್ಪೇನಿನವರೊಡಗೂಡಿ ದಾನಾಂಗ್ ರೇವಿನ ಮೇಲೆ ಬಿದ್ದಾಗ ಮಿಷನರಿಗಳ ರಕ್ಷಣೆಯೇ ನೆಪವಾಯಿತು. ಫ್ರಾನ್ಸನ್ನು ತರಬೇಡಿರೆಂದು ಅಪ್ಪಣೆಯಾಗಿದ್ದ ನಾಡಿಗೆ ಫ್ರಾನ್ಸೇ ಫಿರಂಗಿ ಸಮೇತ ಬಂದಿತು.

ಮೈಸೂರಿಗೂ ಈ ಸಂಘಕ್ಕೂ ನಂಟುಂಟು. ೧೭೭೩ರಲ್ಲಿ ಜೆಸ್ಯೂಟರ ಸಂಘವು ರದ್ದಾಗಲು, ಪುದುಚ್ಚೇರಿಯಲ್ಲಿದ್ದ ಅವರ ಮಿಷನ್ನು ೧೭೭೬ರಲ್ಲಿ ಇವರ ಕೈಸೇರಿತು. ೧೭೯೨ರಲ್ಲಿ ಹಿಂದೂಸ್ತಾನಕ್ಕೆ ಬಂದ ಆಬೆ ದ್ಯುಬ್ವಾ ಅವರು ೧೭೯೯ರ ತರುವಾಯ ಶ್ರೀರಂಗಪಟ್ಟಣದ ಕಡೆ ನೆಲಸಿ, ಈ ದೇಶದ ಉಡುಪನ್ನೇ ತೊಟ್ಟು, ಸಿಡುಬಿನ ಲಸಿಕೆಯನ್ನು ಹರಡಿ, ಜನರ ಬಾಯಲ್ಲಿ ‘ದೊಡ್ಡ ಸ್ವಾಮಿಯವರು’ ಎನಿಸಿಕೊಂಡರು. ಹಿಂದೂಗಳ ಆಚಾರಗಳನ್ನು ಕುರಿತ ಅವರ ಗ್ರಂಥದ ಬಹುಭಾಗವು ಕೂರ್ದೂ ಎಂಬ ಜೆಸ್ಯೂಟ್ ಪಾದ್ರಿಯ ಬರಹದಿಂದ ಬಂದುದೆಂದು ಈಚಿನ ಸಂಶೋಧಕರು ತೋರಿಸಿರುವರು; ಲಸಿಕೆಯ ಕೀರ್ತಿ ಅವರದೇ. ೧೮೨೩ರಲ್ಲಿ ಸ್ವದೇಶಕ್ಕೆ ಮರಳಿದ ಅವರು, ಹಿಂದೂಗಳ ಮತಾಂತರವು ಆಗದ ಕೆಲಸವೆಂದು ಬಹಿರಂಗವಾಗಿಯೇ ಬರೆದರು. ಅಂಥವರನ್ನು ಸಂಘವು ೧೮೩೬ರಲ್ಲಿ ತನ್ನ ಸೆಮಿನರಿಗೆ ಮುಖ್ಯಸ್ಥರನ್ನಾಗಿ ಮಾಡಿದುದು ಮೆಚ್ಚತಕ್ಕ ಸಂಗತಿ.

ಬೆಂಗಳೂರಿಗೆ ಮೊದಲ ಭಾರತೀಯ ಬಿಷಪರಾಗಿ ಥಾಮಸ್ ಪೋತಕಮೂರಿಯವರು ನೇಮಕವಾದುದು ೧೯೪೨ರಲ್ಲಿ. ಮೈಸೂರಿನ ಗದ್ದುಗೆಯಲ್ಲಿ ಸಂಘದ ಫ್ರೆಂಚ್ ಬಿಷಪರು ಅಲ್ಲಿಂದ ಮುಂದೆ ಇನ್ನೂ ಇಪ್ಪತ್ತು ವರ್ಷ ಇದ್ದರು.